ಹಣೆಯ ಹಳದಿ

"ನಮ್ಮಪ್ಪನ ಮುಖ ಮುಟ್ಟಿದ್ದು ಯಾರು?!"

ಫೆಮ್ಕೆ ಬಾಗಿಲ ಪಕ್ಕದ ಕಪಾಟಿನಿಂದ ತನ್ನ ಗೊಂಬೆ ಎತ್ತಿಕೊಂಡು ಅಲ್ಲೇ ನಿಂತು ಕೂಗಿದ್ದಳು. ಶನಿವಾರ ಬೆಳಿಗ್ಗೆ ಗೊಂಬೆ ಬಣ್ಣದವರ ಸಂಘದ ಕೋಣೆಯಲ್ಲಿದ್ದವರು ಇಬ್ಬರೇ. ಕಾಫಿ ಸೋಸುತ್ತಿದ್ದ ಹಿರಿಯಾಕೆ ಆರ್ಲೆಟ್, ಇನ್ನೊಬ್ಬ ಹಣೆಗೆ ಭೂತಗನ್ನಡಿ ಕಟ್ಟಿಕೊಂಡು ಕೂತಿದ್ದ ಯೋರಿಸ್.

ಯೋರಿಸ್ ಎದ್ದು ನಿಂತ. ಮುಖದಲ್ಲಿ ನಗು ಬೇರೆ!

"ನಾನೇ. ಹೇಗಿದೆ?"

ಹೇಗಿದೆಯಂತೆ! ಫೆಮ್ಕೆಗೆ ಸಿಟ್ಟು ಬಂದರೆ ಎದುರಿಗಿದ್ದವರು ಮೊದಲು ಕಾಫಿ ಕಪ್ಪು ಎತ್ತಿಟ್ಟುಕೊಳ್ಳಬೇಕು. ಆರ್ಲೆಟ್ ಎತ್ತಿಟ್ಟುಕೊಂಡಳು. ಪಾಪ, ಯೋರಿಸ್‌ಗೆ ಅದು ಹೊಳೆಯಲಿಲ್ಲ.

ಅವಳ ಕೈಯಲ್ಲಿದ್ದದ್ದು ಒಂದು ಗೇಣೂ ಇಲ್ಲದ ಗೊಂಬೆ. ದಪ್ಪ ಕಾಲಿನ ಕುದುರೆ, ಅದರ ಮೇಲೆ ಹಳದಿ ಮಳೆಯಂಗಿ ತೊಟ್ಟ ಮುದುಕ, ಎರಡೂ ಪಕ್ಕಕ್ಕೆ ಸೀಗಡಿ ಬುಟ್ಟಿ. ಕಡಲಿಗೆ ಕುದುರೆ ಇಳಿಸಿ ಸೀಗಡಿ ಹಿಡಿಯುವ ಮನೆತನಗಳು ಅವರ ಕಡಲೂರು ಔಸ್ಟ್‌ಡೌನ್‌ಕೆರ್ಕೆಯಲ್ಲಿ ಈಗ ಬೆರಳೆಣಿಕೆಯಷ್ಟು. ಅದರಲ್ಲಿ ಫೆಮ್ಕೆಯದೂ ಒಂದು.

ಅಪ್ಪ ಹೋಗಿ ನಾಳೆಗೆ ಒಂದು ವರ್ಷ. ಮೀನುಗಾರರೆಲ್ಲ ಸೇರಿ ನೆನೆಯುವಾಗ ಅವರ ಮುಂದೆ ಇಡಬೇಕೆಂದೇ ಅವಳು ಈ ಸಂಘ ಸೇರಿದ್ದು, ಎಂಟು ತಿಂಗಳು ಕೂತು ಕಲಿತದ್ದು. ಬಟಾಣಿ ಕಾಳಿನಷ್ಟು ಮುಖ. ಅದನ್ನೊಂದನ್ನೇ ಹದಿನಾಲ್ಕು ಸಲ ಅಳಿಸಿ ಬರೆದಿದ್ದಳು.

ಈಗ ಆ ಮುಖ ಕೆಂಪಗೆ, ಗಟ್ಟಿಮುಟ್ಟಾಗಿ ನಗುತ್ತಿತ್ತು.

"ಹಳದಿ ಎಲ್ಲಿ ಹೋಯ್ತು?"

"ಒಣ ಕುಂಚದಲ್ಲಿ ತೆಗ್ದೆ," ಯೋರಿಸ್ ಹುರುಪಿನಿಂದ ಹತ್ತಿರ ಬಂದ. "ನೋಡು, ಮಳೆಯಂಗಿ ಹಳದಿಯ ಛಾಯೆ ಗದ್ದದ ಕೆಳಗೆ ಬೀಳುತ್ತೆ, ಮೂಗಿನ ಕೆಳಗೆ ಬೀಳುತ್ತೆ. ಹಣೆಗೆ ಹೇಗ್ ಬೀಳುತ್ತೆ ಹೇಳು? ಕಣ್ಣಿನ ಬಿಳಿಗೂ ಹಚ್ಚಿದ್ದೀಯ! ಹೊಸಬ್ರೆಲ್ಲ ಮಾಡೋ ತಪ್ಪೇ ಅದು. ಆಯಿಲ್ ಪೇಂಟ್ ಅಲ್ವಾ, ಇನ್ನೂ ಹಸಿ ಇತ್ತು. ಸುಲಭವಾಗಿ ಬಂದ್ಬಿಡ್ತು..."

"ಸುಲಭವಾಗಿ... ಬಂದ್ಬಿಡ್ತಾ?"

"ಫೆಮ್ಕೆ, ಏನಾಯ್ತು?"

"ಅದು ಮಳೆಯಂಗಿ ಹಳದಿ ಅಲ್ಲ ಕಣೋ! ಕಾಮಾಲೆ! ಲಿವರ್ ಕೆಟ್ಟು ಮೈಯೆಲ್ಲ ಹಳದಿ ಆಗಿತ್ತು, ಕಣ್ಣೂ ಹಳದಿ ಆಗಿತ್ತು! ಬೇಕು ಅಂತ್ಲೇ ಹಚ್ಚಿದ್ದೆ!"

ಯೋರಿಸ್‌ನ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಅಯ್ಯೋ... ಗ್ಲಾಸಿನ ಪಕ್ಕ ಕುಂಚ ಇತ್ತಲ್ಲ ಫೆಮ್ಕೆ. ಅದಕ್ಕೇ..."

"ಇತ್ತಮ್ಮ. ನಾನೂ ನೋಡ್ದೆ," ಎಂದಳು ಆರ್ಲೆಟ್ ಮೆಲ್ಲಗೆ.

ಫೆಮ್ಕೆಗೆ ಆಗ ನೆನಪಾಯಿತು. ಹಸಿ ಬಣ್ಣಕ್ಕೆ ಧೂಳು ಕೂರಬಾರದೆಂದು ಎಲ್ಲರೂ ಗೊಂಬೆಯ ಮೇಲೆ ಗ್ಲಾಸು ಬೋರಲು ಹಾಕಿ ಹೋಗುವುದು ಸಂಘದ ರೂಢಿ. ಪಕ್ಕದಲ್ಲಿ ಕುಂಚವನ್ನೂ ಇಟ್ಟು ಹೋದರೆ, 'ನನ್ನ ಕೈಲಾಗುತ್ತಿಲ್ಲ, ಯಾರಾದರೂ ಸರಿ ಮಾಡಿ' ಎಂದರ್ಥ. ಗುರುವಾರ ಅಕ್ಕನ ಫೋನ್ ಬಂದು, ಅವಸರದಲ್ಲಿ ಎದ್ದು ಓಡಿದ್ದಳು. ಕುಂಚ ಅಲ್ಲೇ ಉಳಿದಿತ್ತು!

ತಪ್ಪು ತನ್ನದೂ ಇದೆ ಎಂದು ಗೊತ್ತಾದ ಮೇಲೆ ಅವಳ ಸಿಟ್ಟು ಎರಡು ಪಟ್ಟಾಯಿತು.

"ಮರೆತು ಬಿಟ್ಟು ಹೋಗಿದ್ದೆ! ಒಂದು ಫೋನ್ ಮಾಡೋಕೆ ಏನಾಗಿತ್ತು ನಿನಗೆ? ಮುಖ ಬರೆಯೋದ್ರಲ್ಲಿ ದೊಡ್ಡ ಪಂಡಿತ!"

ಆರ್ಲೆಟ್ ಕಾಫಿ ಕಪ್ಪಿನ ಸಮೇತ ಹೊರಗೆ ನಡೆದಳು.

ಫೆಮ್ಕೆ ಕುಂಚವನ್ನು ಟರ್ಪೆಂಟೈನ್‌ಗೆ ಅದ್ದಿ, ಆ ಕೆಂಪನ್ನೆಲ್ಲ ಒರೆಸಿ ಹಾಕಿದಳು. ಮಧ್ಯಾಹ್ನದೊಳಗೆ ಹಚ್ಚಿ ದೀಪದ ಕಾವಿಗಿಟ್ಟರೆ ಮಾತ್ರ ನಾಳೆಗೆ ಒಣಗುತ್ತದೆ. ಹಳದಿ ಕಲಸಿದಳು. ನಿಂಬೆಹಣ್ಣಾಯಿತು! ಬಿಳಿ ಸೇರಿಸಿದಳು. ಸುಣ್ಣವಾಯಿತು! ನಾಲ್ಕನೆಯ ಸಲ ಬಣ್ಣದ ತಟ್ಟೆಯನ್ನೇ ನೂಕಿಬಿಟ್ಟಳು. ಗುರುವಾರ ಅದು ಹೇಗೆ ಕೈಗೆ ಬಂದಿತ್ತೋ! ಈಗ ಬರುತ್ತಿಲ್ಲ... ಅಪ್ಪ ಮತ್ತೆ ಕೈಬಿಟ್ಟು ಹೋಗುತ್ತಿದ್ದಾನೆ...

"ಅಪ್ಪನ ಆ ಹಳದಿ ಹೇಗಿತ್ತು ಹೇಳು," ಎಂದ ಯೋರಿಸ್. " ನಾನು ಕಲಸ್ತೀನಿ."

"ನೀನಾ? ಅಳಿಸಿದೋನು ನೀನೇ!"

"ಹೌದು. ಅದಕ್ಕೇ ಕಲಸ್ತೀನಿ ಅಂತಿರೋದು. ಹೇಳು."

ಹೇಳಬಾರದೆಂದೇ ಅವಳು ಹಲ್ಲು ಕಚ್ಚಿದಳು. ಆದರೆ ಒಂದು ವರ್ಷದಿಂದ ಯಾರಿಗೂ ಹೇಳದ್ದು ತಾನಾಗಿ ಹೊರಗೆ ಬಂತು.

"ಡಾಕ್ಟ್ರು ನೀರಿಗೆ ಇಳೀಬೇಡಿ ಅಂದಿದ್ರು. ಈ ಮನುಷ್ಯ ಬೆಳಿಗ್ಗೆ ಎದ್ದು ಕುದುರೆಗೆ ಬಲೆ ಕಟ್ಟಿದಾನೆ! ನಾನು ದಂಡೆ ಮೇಲೆ ನಿಂತು ಬಾಯಿಗೆ ಬಂದಹಾಗೆ ಬೈದೆ. 'ಸಾಯೋದಿದ್ರೆ ಮನೇಲಿ ಬಿದ್ದು ಸಾಯಿ' ಅಂದ್ಬಿಟ್ಟೆ ಯೋರಿಸ್! ಎಲ್ಲರ ಎದುರಿಗೆ! ಅಪ್ಪ ತಿರುಗಿ ನೋಡಿ ನಕ್ಕ. ಆ ಹಳದಿ ಮುಖ ಇಟ್ಕೊಂಡು ನಕ್ಕ. ಒಂಬತ್ತೇ ದಿನ... ಹೋಗ್ಬಿಟ್ಟ. ನೀನು ಅದಕ್ಕೆ ಕೆಂಪು ಹಚ್ಚಿದ್ಯಲ್ಲ, ಇನ್ನೇನು ಉಳೀತು? ಆರೋಗ್ಯ ಇದ್ದಾಗ ಯಾರು ಬೇಕಾದ್ರೂ ನಗ್ತಾರೆ!"

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಯೋರಿಸ್ ಬಣ್ಣದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ.

"ಬಿಸಿಲಿತ್ತಾ?"

"...ಮೋಡ."

"ಕಣ್ಣಿನ ಕೆಳಗೆ?"

"ಸ್ವಲ್ಪ ಹಸಿರು. ಹಣೆ... ಹಳೇ ಬೆಣ್ಣೆ ತರ. ಅಷ್ಟಲ್ಲ! ಜಾಸ್ತಿ ಆಯ್ತು. ಕಣ್ಣು ಕಾಣಲ್ವಾ ನಿನಗೆ?"

"ಬೈತಾ ಇರು. ಬೈದಾಗ ಸರಿಯಾಗಿ ಹೇಳ್ತೀಯ."

ಅವನು ಕಲಸಿದ, ಅವಳು ಬೈದಳು. ಮತ್ತೆ ಕಲಸಿದ, ಮತ್ತೆ ಬೈದಳು. ಏಳನೆಯ ಸಲ ಅವಳ ಬಾಯಿಂದ ಬೈಗುಳ ಬರಲಿಲ್ಲ.

"ಅಪ್ಪ..." ಎಂದಳು.

ಯೋರಿಸ್ ಕುಂಚವನ್ನು ಅವಳ ಕಡೆಗೆ ತಿರುಗಿಸಿ ಕೊಟ್ಟ. "ನೀನೇ ಹಚ್ಚು. ನಾನು ಮುಟ್ಟಲ್ಲ."

ಅವಳು ಉಸಿರು ಬಿಗಿಹಿಡಿದು ಹಣೆಗೆ ಹಚ್ಚಿದಳು, ಕಣ್ಣಿಗೆ ಹಚ್ಚಿದಳು, ಒಣ ಕುಂಚದ ತುದಿಯಿಂದ ತಟ್ಟಿ ತಟ್ಟಿ ಅಂಚುಗಳನ್ನು ಬೆರೆಸಿದಳು. ಕಾಯಿಲೆಯ ಆ ಮುಖ ಕಡಲಿಗೆ ಹೊರಟು ನಿಂತು ಅವಳನ್ನು ನೋಡಿ ನಕ್ಕಿತು. ಅದು ಕ್ಷಮಿಸಿದ ನಗು ಎಂದು ಇವತ್ತು ಮೊದಲ ಸಲ ಅನಿಸಿತು ಅವಳಿಗೆ.

ಗೊಂಬೆಯನ್ನು ದೀಪದ ಕೆಳಗಿಟ್ಟ ಮೇಲೆ ಅವಳಿಗೆ ಒಂದು ಅನುಮಾನ ಬಂತು.

"ಯೋರಿಸ್, ನಮ್ಮಪ್ಪನ್ನ ನೀನು ನೋಡೇ ಇಲ್ಲ. ಆ ಕೆಂಪು... ಕಾಯಿಲೆ ಬರೋಕ್ ಮುಂಚೆ ಅಪ್ಪ ಹಾಗೇ ಇದ್ದ. ಸುಳ್ಳು ಹೇಳಲ್ಲ, ಕರೆಕ್ಟಾಗಿ ಹಾಗೇ! ನಿನಗೆ ಹೇಗೆ ಗೊತ್ತಾಯ್ತು?"

ಯೋರಿಸ್ ಭೂತಗನ್ನಡಿಯನ್ನು ಬಿಚ್ಚಿದ, ಮತ್ತೆ ಕಟ್ಟಿಕೊಂಡ, ಮತ್ತೆ ಬಿಚ್ಚಿದ.

"ಗೊತ್ತಿರ್ಲಿಲ್ಲ. ಮಗಳ ಬಣ್ಣ ಹಾಕ್ದೆ."

"ಏನು?"

"ಗುರುವಾರ ಗುರುವಾರ ಎದುರಿಗೇ ಕೂರ್ತೀಯಲ್ಲ. ಬಿಳಿಗೆ ಇಟ್ಟಿಗೆ ಕೆಂಪು, ಒಂಚೂರು ಗುಲಾಬಿ. ಸಿಟ್ಟು ಬಂದ್ರೆ ಕಿವಿ ಹತ್ರ ಇನ್ನೂ ಒಂದು ಚುಕ್ಕೆ ಕೆಂಪು... ಎಂಟು ತಿಂಗಳಿಂದ ಮನಸಲ್ಲೇ ಕಲಸ್ತಾ ಇದೀನಿ ಫೆಮ್ಕೆ. ಈಗ ನನ್ನ ನೆಪೋಲಿಯನ್ನನ ಸಿಪಾಯಿ ಗೊಂಬೆಗಳಿಗೂ ಅದೇ ಬಣ್ಣ ಹಾಕ್ತೀನಿ, ಎಲ್ಲ ನಿನ್ನ ಹಾಗೇ ಕಾಣ್ತಾರೆ!"

ಫೆಮ್ಕೆಗೆ ನಗು ಬಂತು. ನಗು ಬಂದದ್ದಕ್ಕೆ ಸಿಟ್ಟೂ ಬಂತು.

"ಇದನ್ನ ಹೇಳೋಕೆ ನಮ್ಮಪ್ಪನ ಹಣೇನೇ ಬೇಕಿತ್ತಾ?"

"ಬಾಯಲ್ಲಿ ಹೇಳೋ ಧೈರ್ಯ ಇರ್ಲಿಲ್ಲ."

"ಇನ್ನೊಂದ್ ಸಲ ಕೇಳ್ದೇ ಮುಟ್ಟಿದ್ರೆ ಕೈ ಮುರೀತೀನಿ."

"ಕೇಳಿ ಮುಟ್ಟಿದ್ರೆ?"

ಅವಳ ಕಿವಿಯ ಹತ್ತಿರ ಕೆಂಪೇರಿತು. ಈ ಸಲದ್ದು ಸಿಟ್ಟಲ್ಲ ಎಂದು ಯೋರಿಸ್‌ಗೂ ಗೊತ್ತಾಯಿತು.

"ಹಾಗಾದ್ರೆ ಕೇಳು," ಎಂದಳು, ಇನ್ನೂ ಗದರಿಸುವ ದನಿಯಲ್ಲೇ.