ಮೀಸೆಯ ಸೌಟು

“ಸೌಟು ಪೆರಾನ್ ಕೈಲಿದೆ! ಎಲ್ರೂ ಬಾಯಿ ಮುಚ್ಚಿ!” ಟ್ಯಾಮ್ಸಿನ್ ಕಿರುಚಿದಳು.

“ಮೊದ್ಲು ನೀನು ಮುಚ್ಚಮ್ಮ,” ಅಂದರು ಟ್ರೆಂಗೋವ್ ಮಿಸ್. ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು.

ಅದು ಮಾಮೂಲಿ ಮರದ ಸೌಟು. ಯಾರೋ ಅದಕ್ಕೆ ಎರಡು ಕಣ್ಣು, ಒಂದು ದಪ್ಪ ಮೀಸೆ ಬರೆದಿದ್ದರು. ಸೌಟು ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು, ಉಳಿದವರು ಕೇಳಬೇಕು. ಐದನೇ ಕ್ಲಾಸಿನ ರೂಲು ಅದು.

ಈ ರೂಲನ್ನು ಎಲ್ಲರಿಗಿಂತ ಹೆಚ್ಚು ಇಷ್ಟಪಡುತ್ತಿದ್ದವನು ಪೆರಾನ್. ಅವನ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಆಟದ ಬಯಲಿನಲ್ಲಿ ಅವನು ಒಂದು ವಾಕ್ಯ ಮುಗಿಸುವಷ್ಟರಲ್ಲಿ ಎದುರಿಗಿದ್ದವರು ಓಡಿಹೋಗಿರುತ್ತಿದ್ದರು. ಸೌಟು ಹಿಡಿದಾಗ ಮಾತ್ರ ಎಲ್ಲರೂ ಕಾಯುತ್ತಿದ್ದರು, ಪಾಪ.

ಮಿಸ್ ಒಂದು ಹಳೇ ಕಾದಂಬರಿ ಓದಿಸುತ್ತಿದ್ದರು. ಹಿಮದಲ್ಲಿ ಸಿಕ್ಕಿಬಿದ್ದ ರೈಲಿನ ಕತೆ. ಮೊದಲ ದಿನ ಪ್ರಯಾಣಿಕರು ಮೇಜಿಗೆ ಬಿಳಿ ಬಟ್ಟೆ ಹಾಸಿ, “ನೀವು ತಗೊಳ್ಳಿ, ನೀವು ಮೊದ್ಲು ತಗೊಳ್ಳಿ” ಎನ್ನುತ್ತ ಊಟ ಮಾಡುತ್ತಾರೆ. ಹನ್ನೆರಡನೇ ದಿನ ಒಂದು ಡಬ್ಬಿ ಬಿಸ್ಕತ್ತಿಗೆ ಹೊಡೆದಾಡುತ್ತಾರೆ. ಆ ಬಿಳಿ ಬಟ್ಟೆಯನ್ನೂ ಹರಿದು ಕಾಲಿಗೆ ಸುತ್ತಿಕೊಳ್ಳುತ್ತಾರೆ.

“ಅದು ಬರೀ ಬಟ್ಟೇನಾ? ಅಥ್ವಾ ಇನ್ನೇನಾದ್ರೂ ಹೇಳ್ತಿದ್ಯಾ? ಅವರು ಕೆಟ್ಟಿದ್ದು ಯಾವತ್ತು?” ಅಂತ ಮಿಸ್ ಕೇಳಿದ್ದರು.

“ಬಟ್ಟೆ ಹರಿದ ದಿನ ಅಲ್ಲ ಮಿಸ್,” ಪೆರಾನ್ ಸೌಟನ್ನು ಬಿಗಿಯಾಗಿ ಹಿಡಿದ. “ಅದ... ಅದಕ್ಕೂ ಮುಂ... ಮುಂ...”

ಗಂಟೆ ಹೊಡೆಯಿತು.

“ಬಿಡುವಾದ್ಮೇಲೆ ಹೇಳಪ್ಪ, ಮರೀಬೇಡ,” ಅಂದರು ಮಿಸ್.

ಹೊರಗೆ ಕಾರ್ನ್‌ವಾಲ್‌ನ ಮಳೆ ಅಡ್ಡಡ್ಡ ಬೀಸುತ್ತಿತ್ತು. ಇಂಥ ದಿನ ಆಟವೂ ಕ್ಲಾಸಿನೊಳಗೇ. ಅಷ್ಟರಲ್ಲಿ ಪಕ್ಕದ ಕ್ಲಾಸಿನ ಹುಡುಗನೊಬ್ಬನ ಮೂಗಿನಿಂದ ರಕ್ತ ಸುರಿಯಲಾರಂಭಿಸಿತು. “ಟ್ಯಾಮ್ಸಿನ್, ಐದು ನಿಮಿಷ ನೋಡ್ಕೋ!” ಎನ್ನುತ್ತ ಮಿಸ್ ಓಡಿದರು.

ಟ್ಯಾಮ್ಸಿನ್‌ಗೆ ಎರಡಿಂಚು ಎತ್ತರ ಬೆಳೆದಂತಾಯಿತು.

ಕಿಟಕಿಯ ಹತ್ತಿರ ಒಂದು ಡಬ್ಬಿಯಿತ್ತು. ಅವತ್ತು ಪೆರಾನ್ ಹುಟ್ಟುಹಬ್ಬ. ಅವನ ಅಜ್ಜಿ ಕ್ಲಾಸಿಗೆಲ್ಲ ಕೇಸರಿ ದಳ, ಒಣದ್ರಾಕ್ಷಿ ಹಾಕಿದ ಬನ್ ಮಾಡಿ ಕಳಿಸಿದ್ದರು. ಇಪ್ಪತ್ತಾರು ಮಕ್ಕಳಿಗೆ ಇಪ್ಪತ್ತಾರು ಬನ್. ಮನೆಗೆ ಹೋಗುವ ಹೊತ್ತಿಗೆ ಬಾಗಿಲಲ್ಲಿ ನಿಂತು ತಾನೇ ಕೈಯಾರೆ ಕೊಡುತ್ತೇನೆ ಅಂತ ಪೆರಾನ್ ಬೆಳಗ್ಗೆಯೇ ಹೇಳಿದ್ದ. ಅಷ್ಟು ಹೇಳಲು ಅವನಿಗೆ ಎರಡು ನಿಮಿಷ ಹಿಡಿದಿತ್ತು.

ಡೆನ್ಜಿಲ್ ಮೆಲ್ಲಗೆ ಮುಚ್ಚಳ ಎತ್ತಿದ. ಘಮ್ಮೆಂದಿತು.

“ಹೇಗಿದ್ರೂ ನಮಗೇ ತಾನೇ ತಂದಿರೋದು? ಈಗ್ಲೇ ತಿಂದ್ರೆ ಏನಾಗತ್ತೆ?”

ಅಷ್ಟೇ, ಎಲ್ಲರೂ ಮುಗಿಬಿದ್ದರು.

“ಏಯ್, ನುಗ್ಗಬೇಡ್ರೋ!” ಟ್ಯಾಮ್ಸಿನ್ ಕೂಗಿದಳು. “ನಾವೇನು ಪ್ರಾಣಿಗಳಾ? ಸಾಲಾಗಿ ನಿಂತ್ಕೊಳ್ಳಿ!”

ಆ ಊರಿನವರಿಗೆ ಸಾಲು ಅಂದರೆ ಸಾಕು. ಮಕ್ಕಳು ಪುಸ್ತಕದ ಕಪಾಟಿನವರೆಗೂ ಶಿಸ್ತಾಗಿ ನಿಂತರು. ಸಾಲು ನೆಟ್ಟಗಿದೆ, ಇನ್ನೇನು ತಪ್ಪು ಅಂದುಕೊಂಡಳು ಟ್ಯಾಮ್ಸಿನ್. ಬನ್ ಯಾರದು ಅಂತ ಒಬ್ಬರೂ ಕೇಳಲಿಲ್ಲ.

ಪೆರಾನ್ ಓಡಿಬಂದು ಸೌಟು ಎತ್ತಿ ಹಿಡಿದ. “ಅದು... ನ... ನಾನು...”

“ಒಂದ್ನಿಮಿಷ ಇರೋ ಮಾರಾಯ, ಸಾಲು ಕೆಡತ್ತೆ!” ಟ್ಯಾಮ್ಸಿನ್ ಅವನ ಕೈಯಿಂದ ಸೌಟು ಕಿತ್ತುಕೊಂಡು ಮೇಜಿಗೆ ಬಡಿದಳು. “ಡೆನ್ಜಿಲ್, ಮಧ್ಯ ತೂರಬೇಡ! ಹಿಂದೆ ಹೋಗು!”

“ಹೋಗೇ, ದೊಡ್ಡ ಮಿಸ್ಸು ಬಂದ್ಲು!”

ಯಾರೋ ತಳ್ಳಿದರು. ಯಾರೋ ಎರಡು ಬನ್ ಎತ್ತಿದರು. “ಅವನು ಎರಡು ತಗೊಂಡ!” ಎಂದವಳು ತಾನೂ ಎರಡು ತೆಗೆದುಕೊಂಡಳು. ಸಾಲು ಹೋಗಿ ಸಂತೆಯಾಯಿತು. ಟ್ಯಾಮ್ಸಿನ್ ಮತ್ತೆ ಬಡಿದಳು. ಇನ್ನೂ ಜೋರಾಗಿ ಬಡಿದಳು.

ಫಟ್!

ಸೌಟಿನ ತಲೆ ಹಾರಿ ಬಣ್ಣದ ನೀರಿನ ಮಗ್ಗಿಗೆ ಬಿತ್ತು. ಮೀಸೆ ಮಾತ್ರ ಮೇಲೆ ಕಾಣುತ್ತಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಟ್ಯಾಮ್ಸಿನ್ ಕೂಡ ನಕ್ಕಳು. ನಗುತ್ತಲೇ, ಆಮೇಲೆ ಸಿಗಲ್ಲ ಅಂತ, ಉಳಿದಿದ್ದ ಕೊನೆಯ ಬನ್ ಎತ್ತಿ ಜೇಬಿಗೆ ತುರುಕಿದಳು.

ಪೆರಾನ್ ನಗುತ್ತಿರಲಿಲ್ಲ. ಖಾಲಿ ಡಬ್ಬಿ ನೋಡುತ್ತಿದ್ದ.

ಬಾಗಿಲಲ್ಲಿ ಮಿಸ್ ನಿಂತಿದ್ದರು. “ಏನಿದು?”

“ಡೆನ್ಜಿಲ್ ಮಿಸ್!” “ಟ್ಯಾಮ್ಸಿನ್ ಮಿಸ್!” “ನಾನಲ್ಲ ಮಿಸ್, ಅವಳೇ ತಳ್ಳಿದ್ದು!”

ಆ ಗದ್ದಲದಲ್ಲಿ ಪೆರಾನ್ ಮುಂದೆ ಬಂದ. ಬಾಯಿ ತೆರೆದ, ಮುಚ್ಚಿದ. ಮತ್ತೆ ತೆರೆದ. ಅವನ ಕೈ ತಾನಾಗಿಯೇ ಮೇಜಿನ ಮೇಲೆ ಸೌಟು ಹುಡುಕಿತು, ಸಿಗಲಿಲ್ಲ. ಅದನ್ನು ನೋಡಿ ಟ್ಯಾಮ್ಸಿನ್ ತನ್ನ ಕೈ ನೋಡಿಕೊಂಡಳು. ಸೌಟಿನ ಹಿಡಿ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

“ಮಿಸ್, ಸೌಟು ಮುರಿದಿದ್ದು ನಾನು,” ಅಂದಳು. “ಸಾಲು ಮಾಡಿಸಿದ್ದೂ ನಾನೇ. ಪೆರಾನ್ ಏನೋ ಹೇಳ್ತಿದ್ದ, ನಾನು ಬಿಡಲಿಲ್ಲ.”

ಹೇಳಿ ಪೆರಾನ್ ಮುಖ ನೋಡಿದಳು. ಮಿಸ್ ಕೂಡ ಅವನ ಕಡೆ ತಿರುಗಿದರು. ಹಿಂದಿನ ಬೆಂಚು ಸುಮ್ಮನಾಯಿತು. ಮುಂದಿನದೂ ಸುಮ್ಮನಾಯಿತು. ಮಳೆಯ ಸದ್ದು ಕೇಳತೊಡಗಿತು.

“ಆ... ಆವಾಗ ಹೇಳ್ತಿದ್ದೆ ಮಿಸ್,” ಅಂದ ಪೆರಾನ್. “ಅವರು ಕೆಟ್ಟಿದ್ದು ಬಟ್ಟೆ ಹರಿದ ದಿನ ಅಲ್ಲ. ಅದಕ್ಕೂ ಮುಂ... ಮುಂಚೆ. ‘ನೀವು ತ... ತಗೊಳ್ಳಿ’ ಅನ್ನೋದನ್ನ ಬಿಟ್ಟ ದಿನ.”

ಡೆನ್ಜಿಲ್ ಬಾಯಿ ತುಂಬ ಬನ್ ಇತ್ತು. ಅವನು ಅಗಿಯುವುದನ್ನು ನಿಲ್ಲಿಸಿದ.

ಟ್ಯಾಮ್ಸಿನ್ ಜೇಬಿಗೆ ಕೈ ಹಾಕಿದಳು. ಬನ್ ಅಪ್ಪಚ್ಚಿಯಾಗಿತ್ತು, ಒಣದ್ರಾಕ್ಷಿಗೆ ಜೇಬಿನ ದಾರದ ಎಳೆ ಅಂಟಿತ್ತು. ಎಳೆ ಕಿತ್ತು, ಅವನ ಮುಂದಿಟ್ಟಳು.

“ತಗೋ ಪೆರಾನ್. ಹ್ಯಾಪಿ ಬರ್ತ್‌ಡೇ.”

“ಥ್... ಥ್...”

ಅದು ಯಾವ ಮಾತು ಅಂತ ಟ್ಯಾಮ್ಸಿನ್‌ಗೆ ಗೊತ್ತಿತ್ತು. ತಾನೇ ಹೇಳಿ ಮುಗಿಸಿಬಿಡೋಣ ಅಂತ ನಾಲಿಗೆ ತುರಿಸಿತು. ಹೇಳಲಿಲ್ಲ. ಅವನ ಮಾತು ಪೂರ್ತಿ ಬರುವವರೆಗೂ ಅಲ್ಲೇ ನಿಂತಿದ್ದಳು.