ಕಲ್ಲಿನಲ್ಲಿ ಉಳಿದ ಹಿಡಿ ಹಿಟ್ಟು

ಒಂದಾನೊಂದು ಕಾಲದಲ್ಲಿ ಒಂದು ಊರಿನ ಹಸಿವೆಲ್ಲ ಒಂದೇ ಗಿರಣಿಯ ಮುಂದೆ ಪಾಳಿ ಹಚ್ಚಿ ನಿಲ್ಲುತ್ತಿತ್ತು. ಅಲ್ಲಿನ ಬೀಸುವ ಕಲ್ಲಿಗೊಂದು ಚಟ. ಯಾರ ಕಾಳು ಹಾಕಿದರೂ ಒಂದು ಹಿಡಿ ಹಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಮುಂದಿನವರ ಡಬ್ಬಿಗೆ ಸೇರಿಸಿಬಿಡುತ್ತಿತ್ತು. ಹಾಗಾಗಿ ಮಾತು ಬಿಟ್ಟ ಮನೆಯವರೂ ಗೊತ್ತಿಲ್ಲದೆ ಒಬ್ಬರ ಹಿಟ್ಟನ್ನು ಇನ್ನೊಬ್ಬರು ಉಣ್ಣುತ್ತಿದ್ದರು.

ಮೊಮ್ಮಗಳು ಗುಬ್ಬಿಗೆ ಈ ಕಥೆ ಹೇಳಿದ್ದು ಅಜ್ಜಿ. ಈಗ ಆ ಗಿರಣಿ ಮ್ಯೂಸಿಯಂ ಆಗಿದೆ, ಅದನ್ನು ಸಜ್ಜುಗೊಳಿಸುವ ಕೆಲಸ ಗುಬ್ಬಿಯದು. ನಾಳೆ ಕಲ್ಲಿನ ಸುತ್ತ ಗಾಜು ಬರುತ್ತದೆ. ಆಮೇಲೆ ಅದು ತಿರುಗುವುದಿಲ್ಲ.

"ಗಾಜಿನ ಐಡಿಯಾ ಯಾರದು?"

ಬಾಗಿಲಲ್ಲಿ ಅವನು. ಗಿರಣಿಯವನ ಮಗ. ಚಿಕ್ಕಂದಿನಲ್ಲಿ ರೆಪ್ಪೆಯವರೆಗೂ ಬೆಳ್ಳಗಾಗಿ ಓಡಾಡುತ್ತಿದ್ದವನಿಗೆ ಹಿಟ್ಟಪ್ಪ ಎಂಬ ಹೆಸರು ಅಂಟಿಕೊಂಡಿತ್ತು. ತಿಂಗಳುಗಟ್ಟಲೆ ಕೂತು ಮಶೀನು ರಿಪೇರಿ ಮಾಡಿದ್ದೂ ಅವನೇ.

"ನಂದೇ," ಎಂದಳು ಗುಬ್ಬಿ, ಅವನ ಕಣ್ಣು ತಪ್ಪಿಸಿ.

"ಒಳ್ಳೇದು. 'ಮುಟ್ಟಬೇಡಿ' ಅನ್ನೋ ಬೋರ್ಡನ್ನ ನನ್ನ ಕತ್ತಿಗೇ ನೇತುಹಾಕಿಬಿಡು."

ಅವಳು ನಗಲಿಲ್ಲ. ಹೋದ ವಾರ ಬೆಲ್ಟ್ ಪರೀಕ್ಷೆ ಮಾಡುವಾಗ ಅವನ ಅಂಗಿಯ ತೋಳಿನ ತುದಿ ಅದಕ್ಕೆ ಸಿಕ್ಕಿತ್ತು. ಬಟ್ಟೆ ಹರಿದದ್ದಕ್ಕೆ ಕೈ ಉಳಿಯಿತು. ಅವನು ನಕ್ಕುಬಿಟ್ಟ. ಅವಳಿಗೆ ಕಂಡದ್ದು ಅವನಪ್ಪನ ಕೈ. ಇದೇ ಬೆಲ್ಟು ಅವರ ಬೆರಳು ಕಿತ್ತುಕೊಂಡ ದಿನವೇ ಗಿರಣಿ ನಿಂತದ್ದು. ಅಂಗಿ ಹರಿದ ಮರುದಿನ ಮ್ಯೂಸಿಯಂ ಸಮಿತಿಯ ಮುಂದೆ ಅವಳ ಬಾಯಿಂದ ತಾನಾಗಿ ಬಂತು: ಗಾಜು ಹಾಕಿಸಿ.

"ಕಲ್ಲಿಗಲ್ಲ ಕಣೋ ಗಾಜು. ನಿನ್ನ ಕೈಗೆ."

ಅವನ ಕೋಪ ಅರ್ಧದಲ್ಲೇ ನಿಂತಿತು.

"ಗುಬ್ಬಿ, ಅಪ್ಪ ಆಸ್ಪತ್ರೆಯಲ್ಲಿ ಬೆರಳಿನ ಮಾತೇ ಎತ್ತಲಿಲ್ಲ. 'ಆ ತಾಯಿ ಡಬ್ಬಿ ಬಾಕಿ ಉಳೀತು, ಬೀಸಿಕೊಡೋ' ಅಂದ್ರು. ಹೂಂ ಅಂದಿದ್ದೆ. ಅಪ್ಪ ಹೋದ್ರು, ಡಬ್ಬಿ ಹಾಗೇ ಇದೆ. ಇವತ್ತು ಬಿಟ್ರೆ ಇನ್ನಿಲ್ಲ."

"ಯಾವ ತಾಯಿ?"

"ಇನ್ಯಾರು, ನಾನೇ," ಎನ್ನುತ್ತ ಅಜ್ಜಿ ಒಳಗೆ ಬಂದಳು. ಕಂಕುಳಲ್ಲಿ ಗೋಧಿ ತುಂಬಿದ ಹಳೇ ತಗಡಿನ ಡಬ್ಬಿ. "ಏನಪ್ಪಾ ಹಿಟ್ಟಪ್ಪ, ನನ್ನ ಪಾಳಿ ಬಂತೋ, ಇಲ್ಲ ನನ್ನನ್ನೂ ಗಾಜೊಳಗೆ ಕೂರಿಸ್ತೀರೋ?"

ಅವನು ಗುಬ್ಬಿಯನ್ನೇ ನೋಡಿದ. "ನೀನು ಬೇಡ ಅಂದ್ರೆ ಬೇಡ."

ಬೇಡ ಎನ್ನುವುದು ಎಷ್ಟು ಸುಲಭವಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಕೊಟ್ಟ ಮಾತು ಉಳಿಸಿಕೊಳ್ಳದ ಅವನನ್ನು ಜೀವಮಾನವಿಡೀ ಹೇಗೆ ನೋಡುವುದು?

ಅವಳು ಹತ್ತಿರ ಹೋದಳು. ಅವನ ಅಂಗಿಯ ತೋಳುಗಳನ್ನು ಮೊಣಕೈ ದಾಟುವವರೆಗೆ ಮಡಿಸಿ, ತನ್ನ ಸೆರಗಿನ ಪಿನ್ನು ಬಿಚ್ಚಿ ಒಂದಕ್ಕೆ ಚುಚ್ಚಿದಳು. ಇನ್ನೊಂದಕ್ಕೆ ಅಜ್ಜಿಯ ಪಿನ್ನು ಬಂತು. ಅವನು ಉಸಿರು ಬಿಗಿಹಿಡಿದು ನಿಂತಿದ್ದ.

"ಸ್ವಿಚ್ ನನ್ನ ಕೈಲಿರುತ್ತೆ," ಎಂದಳು.

"ಇರಲಿ. ಎಲ್ಲಾ ನಿನ್ನ ಕೈಲೇ ಇರಲಿ."

ಗಿರಣಿ ಗುಡುಗಿತು. ಗುಬ್ಬಿಗೆ ಕಲ್ಲೂ ಕಾಣಲಿಲ್ಲ, ಹಿಟ್ಟೂ ಕಾಣಲಿಲ್ಲ. ಅವನ ಹತ್ತು ಬೆರಳು, ಅಷ್ಟೇ. ಅಜ್ಜಿಯ ಗೋಧಿ ಮುಗಿಯುತ್ತಿದ್ದಂತೆ ಅವನು ಜೇಬಿನಿಂದ ಹಿಡಿ ಕಾಳು ತೆಗೆದು ಅದರ ಹಿಂದೆಯೇ ಸುರಿದ.

"ಅದ್ಯಾರದು?" ಸದ್ದನ್ನೂ ಮೀರಿ ಕೂಗಿದಳು ಗುಬ್ಬಿ.

"ನಮ್ಮನೇದು. ನಮ್ಮ ಡಬ್ಬಿ ಯಾವಾಗ್ಲೂ ನಿಮ್ಮ ಡಬ್ಬಿ ಹಿಂದೇನೇ ಇಡ್ತಿದ್ದೆ. ನಿಮ್ಮನೆ ಹಿಟ್ಟು ಒಂದು ಹಿಡಿಯಾದ್ರೂ ನಮಗೆ ಬರ್ಲಿ ಅಂತ. ನೋಡಿರಲಿಲ್ವಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಕಣ್ಣು ತುಂಬಿಬಂದರೂ ಒರೆಸಿಕೊಳ್ಳಲಿಲ್ಲ, ಆ ಕೈಗಳಿಂದ ದೃಷ್ಟಿ ಕದಲಿಸುವ ಧೈರ್ಯವಿರಲಿಲ್ಲ.

"ನಾನು ನೋಡಿದ್ದೆ," ಎಂದಳು ಅಜ್ಜಿ. "ಅದಕ್ಕೇ ಈ ಡಬ್ಬೀನ ಬೇರೆ ಊರಿನ ಗಿರಣಿಗೆ ಒಯ್ಯಲಿಲ್ಲ."

ಬಟ್ಟೆಯ ಕೊಳವೆಯಿಂದ ಕೊನೆಯ ಹಿಟ್ಟು ಅಜ್ಜಿಯ ಡಬ್ಬಿಗೆ ಉದುರಿತು. ಗುಬ್ಬಿ ಸ್ವಿಚ್ ಆರಿಸಿದಳು. ಕಲ್ಲು ನಿಧಾನವಾಗಿ ನಿಂತಿತು. ಅವನು ಬಿಳಿಯಾದ ಎರಡೂ ಕೈಗಳನ್ನು ಅವಳ ಮುಂದೆ ಚಾಚಿದ. ಅವಳು ಒಂದೊಂದೇ ಬೆರಳನ್ನು ಮುಟ್ಟಿ ನೋಡಿ, ಆ ಕೈಗಳನ್ನು ಬಿಡದೆ ಹಿಡಿದುಕೊಂಡಳು.

ಅಜ್ಜಿ ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಒತ್ತಿ ಮುಚ್ಚಿದಳು.