ಬೂತಾಯಿಯ ಭಾನುವಾರದ ಸ್ನಾನ

ಇಗರ್ಜಿಯ ಪೂಜೆ ಮುಗಿಸಿ ಬಂದ ಗೇವಿನ್ ಮನೆಯ ಗೇಟು ತೆರೆದದ್ದೇ ತಡ, ಮೇಲಿನ ಮನೆಯ ಮೆಟ್ಟಿಲಿನಿಂದ ನೊರೆಯ ಉಂಡೆಯೊಂದು ಉರುಳುತ್ತಾ ಬಂದು ಅವನ ಕಾಲಿಗೆ ಬಡಿಯಿತು. ನೊರೆಯೊಳಗೆ ಎರಡು ಕಣ್ಣುಗಳಿದ್ದವು.

“ಹಿಡೀರಿ! ಹಿಡೀರಿ ಮಾರಾಯ್ರೆ! ಗೇಟು ಹಾಕಿ!”

ಗೇವಿನ್ ಬಾಗಿ ಎತ್ತಿಕೊಂಡ. ವಾರಕ್ಕೊಮ್ಮೆ ಮಾತ್ರ ಕಪಾಟಿನಿಂದ ಹೊರಬರುವ ಅವನ ಬಿಳಿ ಅಂಗಿಯ ಕಥೆ ಅಲ್ಲಿಗೆ ಮುಗಿಯಿತು.

ವಿಜೇತಾ ನಾಲ್ಕು ಮೆಟ್ಟಿಲು ಮೇಲೆಯೇ ನಿಂತುಬಿಟ್ಟಳು. ಎತ್ತಿ ಕಟ್ಟಿದ ನೈಟಿ, ಕೈಯಲ್ಲಿ ಚೊಂಬು, ಹುಬ್ಬಿನ ಮೇಲೆ ನೊರೆ. ಪಡೀಲಿನ ಈ ಮನೆಗೆ ಬಾಡಿಗೆಗೆ ಬಂದು ಹನ್ನೊಂದು ದಿನ. ಮನೆಯೊಡತಿಯ ಮಗನನ್ನು ಮೊದಲ ಸಲ ನೋಡುವುದು ಹೀಗೇ ಆಗಬೇಕಿತ್ತೇ? ಅದೂ ಇಷ್ಟು ಚಂದದ ಕಣ್ಣಿನವನನ್ನು... ಛೆ!

“ಇದು ಎಂತ ಪರಿಮಳ?” ಅವನು ನಾಯಿಯನ್ನು ಮೂಸಿದ. “ತೆಂಗಿನೆಣ್ಣೆಯಾ?”

“ಎಣ್ಣೆಸ್ನಾನ. ಇವತ್ತು ಭಾನುವಾರ ಅಲ್ವಾ?”

“ನಾಯಿಗೆ?”

“ಯಾಕೆ, ನಾಯಿಗೆ ಭಾನುವಾರ ಇಲ್ವಾ?”

ಗೇವಿನ್ ಅಂಗಿಯ ತೋಳಿನಿಂದಲೇ ನಾಯಿಯ ಮುಖದ ನೊರೆ ಒರೆಸಿದ.

ವಿಜೇತಾಳದ್ದು ಬೋಳಾರದ ಮೀನುಗಾರರ ಮನೆ. ಆ ಮನೆಯಲ್ಲಿ ಪ್ರೀತಿ ತೋರಿಸುವ ದಾರಿಗಳು ಎರಡೇ. ಒಂದು, ಬಟ್ಟಲಿಗೆ ದೊಡ್ಡ ತುಂಡು ಮೀನು ಹಾಕುವುದು. ಇನ್ನೊಂದು, ಮೈಗೆಲ್ಲ ಎಣ್ಣೆ ತಿಕ್ಕಿ, ಸೀಗೆಪುಡಿ ಹಾಕಿ, ಹಬೆಯಾಡುವ ನೀರನ್ನು ನೆತ್ತಿಗೇ ಸುರಿಯುವುದು. ಬಾಣಂತಿಯಿರಲಿ, ಮಗುವಿರಲಿ, ಅಳಿಯನಿರಲಿ, ಶಾಸ್ತ್ರ ಒಂದೇ. ಅಪ್ಪ ದೇವದಾಸ್ ಮಗಳಿಗೆ ತಂದುಕೊಟ್ಟ ಈ ಪುಟ್ಟ ಬೆಳ್ಳಿಬಣ್ಣದ ನಾಯಿಗೆ ‘ಬೂತಾಯಿ’ ಎಂದು ಮೀನಿನ ಹೆಸರಿಟ್ಟಿದ್ದರು. ಹೆಸರು ಕೊಟ್ಟ ಮೇಲೆ ಸ್ನಾನ ಕೊಡದಿರಲು ಆಗುತ್ತದೆಯೇ?

“ಕಣ್ಣು ಕೆಂಪಾಗಿದೆ ನೋಡಿ. ಸೀಗೆಪುಡಿ ಹೋಗಿದೆ. ನೀರೂ ಸುಡುವಷ್ಟು ಬಿಸಿ ಇತ್ತು ಅಂತ ಕಾಣ್ತದೆ,” ಎಂದ ಗೇವಿನ್. “ಬನ್ನಿ, ತೋರಿಸ್ತೇನೆ.”

ಕಂಕನಾಡಿಯ ಆಸ್ಪತ್ರೆಯೊಂದರಲ್ಲಿ ಅವನು ನವಜಾತ ಶಿಶುಗಳ ವಾರ್ಡಿನ ನರ್ಸು. ನಾಯಿಗೂ ಕೂಸಿಗೂ ಅವನು ಹೆಚ್ಚು ಭೇದ ಮಾಡಲಿಲ್ಲ. ಹಿತ್ತಲಿನ ಬಟ್ಟೆ ಒಗೆಯುವ ಜಾಗದಲ್ಲಿ ಪ್ಲಾಸ್ಟಿಕ್ ಟಬ್ಬು ಇಟ್ಟ. ಕಾಲು ಜಾರದಂತೆ ತಳಕ್ಕೆ ಹಳೆಯ ಟವೆಲ್ ಹಾಸಿದ. ನೀರಿಗೆ ಮೊಣಕೈ ಅದ್ದಿ ಬಿಸಿ ನೋಡಿದ.

“ಕೈಗೆ ಬಿಸಿ ಗೊತ್ತಾಗುದಿಲ್ಲ, ಅದು ಪಾತ್ರೆ ತೊಳೆದು ದಪ್ಪ ಆಗಿರ್ತದೆ. ಕಿವಿಗೆ ಹತ್ತಿ ಇಡ್ಬೇಕು, ಒಳಗೆ ತುರುಕ್ಲಿಕ್ಕಿಲ್ಲ. ನೀರು ಕುತ್ತಿಗೆಯಿಂದ ಹಿಂದಕ್ಕೆ. ತಲೆಗೆ ಸುರಿದ್ರೆ ಮುಳುಗಿದೆ ಅಂತ ಹೆದರ್ತವೆ. ಮುಖಕ್ಕೆ ಒದ್ದೆ ಬಟ್ಟೆ ಸಾಕು.”

ಬೂತಾಯಿ, ವಿಜೇತಾಳ ಕೈಯನ್ನು ಎರಡು ಸಲ ಕಚ್ಚಿದ್ದ ಅದೇ ಬೂತಾಯಿ, ಅವನ ಅಂಗೈಯಲ್ಲಿ ಗದ್ದವಿಟ್ಟು ಕಣ್ಣು ಮುಚ್ಚಿತು!

*ಬೇವಾರ್ಸಿ,* ಎಂದುಕೊಂಡಳು ವಿಜೇತಾ. *ಎರಡು ವರ್ಷ ಅನ್ನ ಹಾಕಿದವಳು ನಾನು...*

ಅದು ಹೊಟ್ಟೆಕಿಚ್ಚಿನ ಮೊದಲ ಕಂತು. ಆಗ ಅದು ಗೇವಿನ್ ಮೇಲಿತ್ತು.

ಆ ಮೇಲೆ ಪ್ರತಿ ಎರಡನೇ ಭಾನುವಾರ ಹಿತ್ತಲಿನಲ್ಲಿ ಟಬ್ಬು ಸಿದ್ಧವಾಗುತ್ತಿತ್ತು. ವಾರ ವಾರ ಸ್ನಾನ ಬೇಡ, ಚರ್ಮ ಒಣಗುತ್ತದೆ ಎಂದವನು ಗೇವಿನ್ನೇ. ಹಾಗೆ ಹೇಳಿದ್ದಕ್ಕೆ ವಿಜೇತಾ ಅವನನ್ನು ಪೂರ್ತಿಯಾಗಿ ಕ್ಷಮಿಸಲಿಲ್ಲ. ಮೊದಲು ಬಾಚಣಿಗೆ, ಆಮೇಲೆ ನೀರು, ಆಮೇಲೆ ನಾಯಿಯದೇ ಶಾಂಪೂ, ಕೊನೆಗೆ ಬೆರಳುಗಳ ಸಂದಿಯವರೆಗೆ ಒರೆಸುವುದು. ಮಂಗಳೂರಿನ ಸೆಕೆಗೆ ಒಂದು ಬೆರಳಸಂದಿ ಒದ್ದೆ ಉಳಿದರೂ ಕಜ್ಜಿ.

ಅವನ ಸ್ಕೂಟರಿನ ಶಬ್ದ ಕೇಳಿದರೆ ಬೂತಾಯಿ ಬಾಗಿಲಿಗೆ ಓಡುತ್ತಿತ್ತು. ಡಿಸೆಂಬರ್ ಹೊತ್ತಿಗೆ ನಾಯಿಗಿಂತ ಮೊದಲೇ ವಿಜೇತಾ ಬಾಗಿಲಲ್ಲಿರುತ್ತಿದ್ದಳು. ಪಂಪ್‌ವೆಲ್‌ನ ಕನ್ನಡಕದಂಗಡಿಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷಿಸುತ್ತಾ ಒಮ್ಮೊಮ್ಮೆ ಅವಳು ಅಕ್ಷರಗಳ ಬೋರ್ಡಿನ ಮುಂದೆ ಸುಮ್ಮನೆ ನಗುತ್ತಿದ್ದಳು. ಗಿರಾಕಿಗಳು ತಾವೇನೋ ತಪ್ಪು ಓದಿದೆವೆಂದು ಹೆದರುತ್ತಿದ್ದರು.

ಆಗ ಬಂದಳು ಶರೊನ್.

ಕುವೈಟಿನಿಂದ. ನೀಲಿ ಸೂಟ್‌ಕೇಸು, ನೇರ ಮಾಡಿಸಿದ ಕೂದಲು, ಮನೆಯಿಡೀ ಕೇಳುವ ನಗು.

“ನನ್ನ ಅಣ್ಣ ಲ್ಯಾನ್ಸಿಯ ಮಗಳು,” ಎಂದರು ಮನೆಯೊಡತಿ ಮಗ್ದಲೀನ್ ಬಾಯಿ, ಹೆಮ್ಮೆಯಿಂದ. “ಜನವರಿಯಲ್ಲಿ ಮದುವೆ ಉಂಟು ಮಗಾ. ಅವರ ಫ್ಲ್ಯಾಟಿನಲ್ಲಿ ಚಪ್ಪರ ಎಲ್ಲಿ ಹಾಕುದು? ಮುನ್ನಾದಿನದ ರೋಸ್ ಶಾಸ್ತ್ರ ಇಲ್ಲೇ, ನಮ್ಮ ಅಂಗಳದಲ್ಲಿ. ಗೇವಿನ್‌ಗೆ ಈಗಲೇ ನಿದ್ದೆ ಇಲ್ಲ.”

ವಿಜೇತಾ ಮೆಟ್ಟಿಲು ಹತ್ತುತ್ತಾ ಲೆಕ್ಕ ಹಾಕಿದಳು. ಅಮ್ಮನ ಅಣ್ಣನ ಮಗಳು. ಅಂದರೆ ಗೇವಿನ್‌ಗೆ ಸೋದರಮಾವನ ಮಗಳು. ಮದುವೆ. ಇದೇ ಅಂಗಳ. ಅವನಿಗೆ ನಿದ್ದೆ ಇಲ್ಲ.

ಇನ್ನು ಕೇಳುವುದಕ್ಕೆ ಏನಿದೆ? ವಿಜೇತಾಳ ಅಮ್ಮ ಲಕ್ಷ್ಮಿಯೇ ಅಪ್ಪನಿಗೆ ಸೋದರಮಾವನ ಮಗಳು. ದೊಡ್ಡಪ್ಪನ ಹೆಂಡತಿಯೂ ಹಾಗೆಯೇ. ಅವರಲ್ಲಿ ಮಾವನ ಮಗಳೆಂದರೆ ಹುಟ್ಟುವಾಗಲೇ ಅರ್ಧ ನಿಶ್ಚಿತಾರ್ಥ ಆದ ಹಾಗೆ. ಉಳಿದ ಅರ್ಧಕ್ಕೆ ಛತ್ರ ಸಿಕ್ಕಿದರೆ ಸಾಕು.

ಮರುದಿನ ಮನೆಯೊಡತಿ ಬಾಯಮ್ಮ ಮದುವೆಯ ಕಾಗದ ಕೊಟ್ಟರು. ವಿಜೇತಾ ಲಕೋಟೆ ಬಿಡಿಸದೆ ಅಕ್ಕಿ ಡಬ್ಬಿಯ ಕೆಳಗಿಟ್ಟಳು. ಅವನ ಹೆಸರು ಇನ್ನೊಂದು ಹೆಸರಿನ ಪಕ್ಕದಲ್ಲಿ ಬಂಗಾರದ ಅಕ್ಷರದಲ್ಲಿ... ಬೇಡಪ್ಪಾ!

ಆ ಭಾನುವಾರ ಹಿತ್ತಲಿಗೆ ಶರೊನ್ನೂ ಬಂದಳು, ಕುವೈಟಿನ ಶಾಂಪೂ ಬಾಟಲಿಯೊಂದಿಗೆ.

“ಎಷ್ಟು ಕ್ಯೂಟ್ ಉಂಟು ಮಾರಾಯ್ತಿ ನಿನ್ನ ನಾಯಿ! ನಾನು ತಿಕ್ಲಾ?”

ತಿಕ್ಕಿದಳು. ಗೇವಿನ್ ನೀರು ಹಾಕಿದ. ಇಬ್ಬರೂ ಕೊಂಕಣಿಯಲ್ಲಿ ಏನೋ ಹೇಳಿಕೊಂಡು ಬಿದ್ದು ಬಿದ್ದು ನಕ್ಕರು. ವಿಜೇತಾಳಿಗೆ ಸಿಕ್ಕ ಕೆಲಸ ಟವೆಲ್ ಹಿಡಿದು ನಿಲ್ಲುವುದು. ಆ ಕೆಲಸವನ್ನು ಗೋಡೆಯ ಮೊಳೆಯೂ ಮಾಡುತ್ತದೆ.

*ನಾಯಿಗೆ ಸ್ನಾನ ಮಾಡಿಸುವಾಗ ಅಷ್ಟು ನಗ್ಲಿಕ್ಕೆ ಎಂತ ಉಂಟು?*

ಅವಳು ಗಮನಿಸಿದಳು: ಶರೊನ್ ಅವನ ಭುಜಕ್ಕೆ ಮೂರು ಸಲ ಹೊಡೆದಳು. ಅವನು ಅವಳ ಮೂಗಿಗೆ ಒಂದು ಸಲ ನೊರೆ ಹಚ್ಚಿದ. ವಿಜೇತಾಳ ಮೂಗಿಗೆ ಅವನು ಇಷ್ಟು ತಿಂಗಳಲ್ಲಿ ಏನನ್ನೂ ಹಚ್ಚಿರಲಿಲ್ಲ. ಕೊನೆಗೆ ಬೂತಾಯಿ ಶರೊನ್‌ಳ ಕೆನ್ನೆ ನೆಕ್ಕಿತು. ನಾಯಿ ನಿಯತ್ತಿನ ಪ್ರಾಣಿ ಎಂದು ಪುಸ್ತಕಗಳಲ್ಲಿ ಬರೆದವರಿಗೆ ಬೂತಾಯಿಯ ಪರಿಚಯ ಇರಲಿಲ್ಲ.

ವಾರವಿಡೀ ವಿಜೇತಾಳ ಹಾಸಿಗೆ, ದಿಂಬು, ಚಾದರ ಎಲ್ಲವೂ ಕುವೈಟಿನ ಶಾಂಪೂವಿನಿಂದ ಘಮ್ಮೆಂದವು. ಅವಳು ದಿಂಬನ್ನು ಎರಡು ಸಲ ಒಗೆದಳು.

ಮುಂದಿನ ಸ್ನಾನದ ಭಾನುವಾರ ಅವಳು ಬಾಗಿಲಿಗೆ ಚಿಲಕ ಹಾಕಿಕೊಂಡು ತಾನೇ ಮಾಡಿಸಿದಳು. ಹತ್ತಿ, ಟವೆಲ್, ಮೊಣಕೈ... ಒಂದನ್ನೂ ಬಿಡಲಿಲ್ಲ. ಬೂತಾಯಿ ಕಚ್ಚಲಿಲ್ಲ. ಬಾಗಿಲನ್ನೇ ನೋಡುತ್ತಾ ಕೂತಿತು. ಕಚ್ಚಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಹನ್ನೊಂದಕ್ಕೆ ಬಾಗಿಲು ಬಡಿದ ಸದ್ದು.

“ಇವತ್ತು ಬೂತಾಯಿ ಬರ್ಲೇ ಇಲ್ಲ?” ಎಂದ ಗೇವಿನ್.

“ಸ್ನಾನ ಆಯ್ತು.”

“ಒಬ್ಬರೇ ಮಾಡಿದ್ರಾ?”

“ನನಗೂ ಕೈ ಉಂಟು.”

ಅವನ ಮುಖ ಸಣ್ಣದಾಯಿತು. “ನಾನು ಎಂತ ತಪ್ಪು ಮಾಡಿದೆ?”

“ಎಂತದ್ದೂ ಇಲ್ಲ. ನಿಮಗೆ ಮದುವೆ ಕೆಲಸ ಉಂಟಲ್ಲ... ಹೋಗಿ.”

ಅದೇ ಸಂಜೆ ಅವಳು ಬಾಯಮ್ಮನ ಬಳಿ ಹೋಗಿ, ಈ ತಿಂಗಳ ಕೊನೆಗೆ ಮನೆ ಬಿಡುವುದಾಗಿ ಹೇಳಿದಳು. ಕಾರಣ ಕೇಳಿದಾಗ ಅಂಗಡಿ ದೂರ ಎಂದಳು. ಪಡೀಲಿನಿಂದ ಪಂಪ್‌ವೆಲ್‌ಗೆ ಬಸ್ಸಿನಲ್ಲಿ ಹತ್ತು ನಿಮಿಷ. ಬಾಯಮ್ಮ ಅವಳನ್ನೇ ನೋಡಿದರು. ಬೇರೆ ಬಾಡಿಗೆಯವರನ್ನು ಹುಡುಕುತ್ತೇನೆ ಎಂದರು.

ಅವನ ಹೆಂಡತಿಯ ಸೀರೆಗಳು ಅಂಗಳದ ಹಗ್ಗದಲ್ಲಿ ಒಣಗುವುದನ್ನು ಮೇಲಿನಿಂದ ದಿನವೂ ನೋಡುವುದು ತನ್ನಿಂದಾಗದು. ಅಷ್ಟು ಮಾತ್ರ ವಿಜೇತಾಳಿಗೆ ಖಚಿತವಾಗಿತ್ತು.

ರೋಸಿನ ಶನಿವಾರ ಬಂತು. ಮದುವೆಯ ಮುನ್ನಾದಿನ ಬೆಂಚಿನಲ್ಲಿ ಕೂರಿಸಿ, ಬಂಧುಗಳೆಲ್ಲ ಒಬ್ಬೊಬ್ಬರಾಗಿ ಬಂದು ತಲೆಯ ಮೇಲೆ ತೆಂಗಿನಹಾಲು ಸುರಿದು, ಎಣ್ಣೆ ಹಚ್ಚಿ ಹರಸುವ ಶಾಸ್ತ್ರ. ಸಂಜೆ ನಾಲ್ಕಕ್ಕೇ ಬ್ಯಾಂಡು ಶುರುವಾಯಿತು. ವಿಜೇತಾ ಕಿಟಕಿ ಮುಚ್ಚಿ, ಫ್ಯಾನು ಜೋರು ಮಾಡಿ, ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬತೊಡಗಿದಳು.

ತುಂಬುವ ಭರದಲ್ಲಿ ಬಾಗಿಲು ಹಾಕಲು ಮರೆತಳು.

ಕೆಳಗಿನಿಂದ ಒಮ್ಮೆಗೇ ಬೊಬ್ಬೆ! “ಅಯ್ಯೋ ನಾಯಿ! ರೋಸಿನ ಪಾತ್ರೆಗೆ ನಾಯಿ ಬಿತ್ತು!”

ವಿಜೇತಾ ಇದ್ದ ಹಾಗೆಯೇ ಓಡಿದಳು. ಚಪ್ಪರದ ನಡುವೆ ಬೆಂಚಿನ ಮೇಲೆ ಶರೊನ್, ಅಡಿಯಿಂದ ಮುಡಿಯವರೆಗೆ ತೆಂಗಿನಹಾಲಿನಲ್ಲಿ ತೊಯ್ದು ನಗುತ್ತಿದ್ದಳು. ಅವಳ ಕಾಲ ಬಳಿ ಮಗುಚಿದ ಪಾತ್ರೆ. ಪಾತ್ರೆಯ ಪಕ್ಕದಲ್ಲಿ ಹಾಲು, ಎಣ್ಣೆ, ಯಾರೋ ತಮಾಷೆಗೆ ಒಡೆದ ಮೊಟ್ಟೆ, ಎಲ್ಲವನ್ನೂ ಮೈಗೆ ಬಳಿದುಕೊಂಡ ಬೂತಾಯಿ.

ಗೇವಿನ್ ಅದನ್ನು ಎತ್ತಿಕೊಂಡಿದ್ದ. ಅವನ ತಲೆ ಒಣಗಿಯೇ ಇತ್ತು, ಅಂಗಿಗೆ ನಾಯಿ ಬಳಿದದ್ದು ಬಿಟ್ಟರೆ ಹಾಲಿನ ಹನಿಯೂ ಇಲ್ಲ. ಬೆಂಚಿನಲ್ಲಿ ಶರೊನ್ ಒಬ್ಬಳೇ.

“ನೀವು...” ವಿಜೇತಾ ಬೆಂಚಿನತ್ತ ಕೈ ತೋರಿಸಿದಳು. “ನಿಮ್ಮನ್ನು ಯಾಕೆ ಕೂರಿಸಲಿಲ್ಲ?”

“ನನ್ನನ್ನಾ? ನಾನು ಹಾಲು ಹೊಯ್ಯುವವ. ಅಣ್ಣ ಅಲ್ವಾ?”

“ಅಣ್ಣ?!”

“ಹುಡುಗ ಜೆರೋಮ್. ಅವನ ರೋಸ್ ಅವನ ಮನೆಯಲ್ಲಿ ಆಗ್ತಾ ಉಂಟು. ಮಮ್ಮಿ ನಿಮಗೆ ಕಾಗದ ಕೊಟ್ಟಿದ್ರಲ್ವಾ? ಓದ್ಲಿಲ್ವಾ?”

“ಓದ್ಲಿಲ್ಲ.” ಅವಳ ಸ್ವರ ತೀರಾ ಸಣ್ಣದಾಗಿತ್ತು. “ಅವಳು ನಿಮ್ಮ ಮಾವನ ಮಗಳಲ್ವಾ?”

“ಹೌದು. ಅದಕ್ಕೇ ತಂಗಿ.”

“ನಮ್ಮಲ್ಲಿ ಮಾವನ ಮಗಳನ್ನು... ಮದುವೆ ಆಗುದು.”

ಗೇವಿನ್ ಮೇಲಿನ ಮನೆಯತ್ತ ನೋಡಿದ. ಮುಚ್ಚಿದ ಕಿಟಕಿ, ಬಾಗಿಲ ಚಿಲಕ, ಹತ್ತು ನಿಮಿಷದ ‘ದೂರ’, ಎಲ್ಲವೂ ಅವನ ಮುಖದ ಮೇಲೆ ಒಂದೊಂದಾಗಿ ಹಾದುಹೋದವು.

“ನಮ್ಮಲ್ಲಿ ಮಾವನ ಮಗಳನ್ನು ಮದುವೆ ಆಗ್ತೇನೆ ಅಂದ್ರೆ ಫಾದರ್ ಕೋಲು ಹಿಡ್ಕೊಂಡು ಓಡಿಸ್ತಾರೆ,” ಎಂದ ಮೆಲ್ಲಗೆ. “ಬನ್ನಿ. ಮೊದಲು ಇದನ್ನು ತೊಳೆಯುವ. ಎಣ್ಣೆ ನೆಕ್ಕಿದ್ರೆ ಹೊಟ್ಟೆ ಕೆಡ್ತದೆ.”

ಹಿತ್ತಲಿನಲ್ಲಿ ಬ್ಯಾಂಡಿನ ಸದ್ದು ಅರ್ಧವಾಗಿತ್ತು. ಎಣ್ಣೆಯನ್ನು ಮೊದಲು ಒಣಬಟ್ಟೆಯಿಂದ ಒತ್ತಿ ತೆಗೆದರು. ಶಾಂಪೂವನ್ನು ನೀರಿನಲ್ಲಿ ಕಲಸಿ ಎರಡು ಸಲ ಹಚ್ಚಿದರು. ನೊರೆ ಉಳಿಯದಂತೆ ತೊಳೆಯಲು ಮೂರು ಬಕೆಟ್ ನೀರು ಬೇಕಾಯಿತು. ಸಂಜೆಯ ಗಾಳಿಗೆ ಶೀತವಾಗದಿರಲೆಂದು ಗೇವಿನ್ ಶರೊನ್‌ಳ ಹೇರ್ ಡ್ರೈಯರ್ ತಂದ, ಬಿಸಿ ತಗ್ಗಿಸಿ, ದೂರದಿಂದ ಹಿಡಿದ. ವಿಜೇತಾ ಒಂದೊಂದೇ ಬೆರಳಸಂದಿ ಒರೆಸಿದಳು. ತಲೆ ಎತ್ತಲಿಲ್ಲ.

“ನಾನು ಎಣ್ಣೆಸ್ನಾನ ಬಿಡಿಸಿದ್ದು ನಿಮಗೆ ಬೇಸರ ಆಯ್ತು ಅಂತ ಗ್ರಹಿಸಿದ್ದೆ,” ಎಂದ ಅವನು. “ಒಂದು ವಾರ ಅದೇ ಯೋಚನೆ.”

“ಎಣ್ಣೆ ಅಲ್ಲ ಮಾರಾಯ್ರೆ...”

“ಮತ್ತೆಂತ?”

“ಹೊಟ್ಟೆಕಿಚ್ಚು!” ಅವಳ ಕಣ್ಣು ತುಂಬಿತು, ಸಿಟ್ಟೂ ಬಂತು. “ಅವಳು ನಿಮ್ಮ ಭುಜಕ್ಕೆ ಹೊಡೆದದ್ದು, ನೀವು ಮೂಗಿಗೆ ನೊರೆ ಹಚ್ಚಿದ್ದು, ಎಲ್ಲ ಲೆಕ್ಕ ಇಟ್ಟಿದ್ದೇನೆ. ಈ ನಾಯಿಯ ಮೇಲೂ ಹೊಟ್ಟೆಕಿಚ್ಚು. ನಿಮ್ಮ ಕೈಯಲ್ಲಿ ಗದ್ದ ಇಟ್ಟು ಮಲಗ್ತದೆ. ಅದಕ್ಕಾದ್ರೆ ನಾಚಿಕೆ ಇಲ್ಲ... ನನಗುಂಟಲ್ಲ!”

ಹೇಳಿಯಾಗಿತ್ತು. ಡ್ರೈಯರ್ ಖಾಲಿ ಗೋಡೆಗೆ ಗಾಳಿ ಊದುತ್ತಿತ್ತು. ಗೇವಿನ್ ಅದನ್ನು ಆರಿಸಿದ.

“ವಾರ್ಡಿನಲ್ಲಿ ಎಲ್ಲರೂ ಕೇಳ್ತಾರೆ, ಭಾನುವಾರ ಯಾಕೆ ಡ್ಯೂಟಿ ತಕೊಳ್ಳುದಿಲ್ಲ ಅಂತ,” ಅವನ ಕಿವಿ ಕೆಂಪಾಗಿತ್ತು. “ನಾಯಿಗೆ ಸ್ನಾನ ಅಂತ ಹೇಳ್ತೇನೆ. ಯಾರೂ ನಂಬುದಿಲ್ಲ. ಅವರೇ ಸರಿ.”

ವಿಜೇತಾ ಟವೆಲಿನಲ್ಲಿ ಮುಖ ಮುಚ್ಚಿಕೊಂಡಳು. ಅದು ನಾಯಿಯ ಟವೆಲ್ ಎಂಬುದು ಆಕೆಗೆ ಹೊಳೆಯಲಿಲ್ಲ.

“ಸೋಮವಾರ ಮೇಲಿನ ಮನೆ ನೋಡ್ಲಿಕ್ಕೆ ಯಾರೋ ಬರ್ತಾರಂತೆ,” ಎಂದಳು ಒಳಗಿನಿಂದಲೇ.

“ಬರಲಿ. ಒಳ್ಳೆ ಜನ ಆದ್ರೆ ಕೊಡುವ.”

ಟವೆಲ್ ಕೆಳಗಿಳಿಯಿತು. “ಮತ್ತೆ ನಾನು?”

“ನಿಮಗೆ ಕೆಳಗೆ ಜಾಗ ಉಂಟು.” ಹೇಳಿದ ಧೈರ್ಯಕ್ಕೆ ಅವನೇ ಬೆಚ್ಚಿದ. “ಅಲ್ಲ... ಅದಕ್ಕೆ ಸ್ವಲ್ಪ ಸಮಯ ಹಿಡೀತದೆ. ಬೇಡ, ಅವರಿಗೆ ಕೊಡುದು ಬೇಡ. ಅಲ್ಲಿಯವರೆಗೆ ನೀವು ಮೇಲೆಯೇ ಇರಿ.”

“ಇದು ಪ್ರಪೋಸಲ್ಲಾ, ಬಾಡಿಗೆ ಕರಾರಾ?”

“ಯಾವುದಕ್ಕೆ ಸೈನ್ ಹಾಕ್ತೀರಿ?”

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. “ಬಾಯಮ್ಮ ಒಪ್ತಾರಾ?”

“ಒಂದು ತಿಂಗಳು ಅಳ್ತಾರೆ. ಮತ್ತೆ ನಿಮಗೆ ನಮ್ಮ ಸಾನ್ನ ಇಡ್ಲಿ ಮಾಡ್ಲಿಕ್ಕೆ ಕಲಿಸ್ತಾರೆ. ನಿಮ್ಮ ಅಪ್ಪ?”

“ಒಂದು ವರ್ಷ ಮಾತಾಡುದಿಲ್ಲ. ಮತ್ತೆ ಒಂದು ದಿನ ನಿಮ್ಮನ್ನು ದೋಣಿಯಲ್ಲಿ ಕಡಲಿಗೆ ಕರ್ಕೊಂಡು ಹೋಗ್ತಾರೆ. ವಾಪಸು ತರ್ತಾರಾ ಅಂತ ನನಗೆ ಗೊತ್ತಿಲ್ಲ.”

ಅಂಗಳದಿಂದ ಯಾರೋ ಗೇವಿನ್‌ನನ್ನು ಕೂಗಿದರು. ಅವನು ಏಳಲಿಲ್ಲ.

“ನನಗೆ ಈಜು ಬರುದಿಲ್ಲ, ವಿಜೇತಾ.”

ಅವಳು ಮೊದಲ ಬಾರಿಗೆ ತಾನಾಗಿ ಅವನ ಕೈ ಹಿಡಿದಳು. ಒದ್ದೆ ಕೈ.

“ಹಾಗಾದ್ರೆ ನಾನೂ ದೋಣಿ ಹತ್ತುತ್ತೇನೆ.”